ಕೈಬಿಡುವ ಕೊಂಡಿಯ ಕತೆ

ಈಗೀಗ ಶಾಲಾ ವಿಜ್ಞಾನ ಮೇಳಗಳಲ್ಲಿ ಒಂದಾದರೂ ಡ್ರೋನ್ ಇಲ್ಲದಿದ್ದರೆ ಮೇಳವೇ ಸಪ್ಪೆ. ಹಾರಿಸಲು ಕಲಿತ ಹುಡುಗರಿಗೆ ಮರುದಿನವೇ ಇನ್ನೊಂದು ಆಸೆ ಹುಟ್ಟುತ್ತದೆ. ಅದಕ್ಕೆ ಏನನ್ನಾದರೂ ಕಟ್ಟಿ ಮೇಲಕ್ಕೆ ಒಯ್ಯಬೇಕು, ಬೇಕಾದ ಜಾಗದಲ್ಲಿ ಬೀಳಿಸಬೇಕು. ಬೀಜದುಂಡೆಯಾದರೂ ಸರಿ, ಚಾಕಲೇಟಾದರೂ ಸರಿ. ಪುಟ್ಟದೊಂದು ಸರ್ವೋ ಮೋಟಾರು, ಒಂದು ತಂತಿಯ ಪಿನ್ನು, ಒಂದು ನೂಲಿನ ಕುಣಿಕೆ ಇದ್ದರೆ ಮನೆಯಲ್ಲೇ ಆಗುವ ಕೆಲಸ ಇದು. ಆದರೆ ಮಾಡಿ ನೋಡಿದವರಿಗೇ ಗೊತ್ತು, ಹೊತ್ತೊಯ್ಯುವುದಕ್ಕಿಂತ ಕೈಬಿಡುವುದೇ ಕಷ್ಟ. ಹಾರುವಾಗಿನ ಅಲುಗಾಟಕ್ಕೆ ಕೊಂಡಿ ಬಿಚ್ಚಿಕೊಳ್ಳಬಾರದು, ಬಿಚ್ಚಬೇಕಾದ ಗಳಿಗೆಯಲ್ಲಿ ಸಿಕ್ಕಿಕೊಳ್ಳಲೂಬಾರದು!

ಇದೆಲ್ಲ ಮೊನ್ನೆ ಮೊನ್ನೆ ಬಂದ ವಿದ್ಯೆ ಎಂದು ಮಕ್ಕಳು ತಿಳಿದಿರುತ್ತಾರೆ. ಹಾಗೇನಿಲ್ಲ. ೧೮೪೯ರಲ್ಲಿ ಆಸ್ಟ್ರಿಯಾದ ಸೈನ್ಯ ವೆನಿಸ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಫ್ರಾಂಜ್ ಫಾನ್ ಉಖಾಟಿಯಸ್ ಎಂಬ ಅಧಿಕಾರಿ ಆಳಿಲ್ಲದ ಬಲೂನುಗಳಿಗೆ ಬಾಂಬು ಕಟ್ಟಿ ಬಿಟ್ಟ. ಒಂದು ಬತ್ತಿ ಉರಿಯುತ್ತಾ ಹೋಗಿ, ಲೆಕ್ಕ ಹಾಕಿದ ಹೊತ್ತಿಗೆ ಬಾಂಬನ್ನು ಕಳಚಬೇಕು. ಇದೇ ಅವನ ಕೊಂಡಿ. ಆದರೆ ಗಾಳಿ ದಿಕ್ಕು ಬದಲಿಸಿತು, ಕೆಲವು ಬಲೂನುಗಳು ಬಿಟ್ಟವರ ತಲೆಯ ಮೇಲಕ್ಕೇ ತಿರುಗಿ ಬಂದವು. ಬತ್ತಿಗೆ ಹೊತ್ತು ಗೊತ್ತೇ ಹೊರತು ಕೆಳಗಿರುವುದು ಯಾವ ಊರು ಎಂಬುದು ಗೊತ್ತಿಲ್ಲವಲ್ಲ!

ಈ ಪಾಠವನ್ನು ಜಗತ್ತು ಇನ್ನೂ ದೊಡ್ಡ ಬೆಲೆ ತೆತ್ತು ಕಲಿತದ್ದು ಎರಡನೆಯ ಮಹಾಯುದ್ಧದಲ್ಲಿ. ಆ ಕತೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಪಠ್ಯಪುಸ್ತಕಗಳಲ್ಲಿ ಹಿರೋಶಿಮಾ ಇದೆ, ಪರ್ಲ್ ಹಾರ್ಬರ್ ಇದೆ, ಇದು ಮಾತ್ರ ಕಾಣುವುದಿಲ್ಲ.

ಕತೆ ಸುರುವಾಗುವುದು ಗಾಳಿಯಿಂದ. ೧೯೨೦ರ ದಶಕದಲ್ಲಿ ಜಪಾನಿನ ವಾಸಾಬುರೋ ಓಯಿಶಿ ಎಂಬ ಹವಾಮಾನ ವಿಜ್ಞಾನಿ ಸಣ್ಣ ಬಲೂನುಗಳನ್ನು ಹಾರಿಸಿ, ದೂರದರ್ಶಕದಲ್ಲಿ ಅವುಗಳನ್ನು ಹಿಂಬಾಲಿಸಿ, ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಹೊಳೆಯಂತೆ ಹರಿಯುತ್ತಿದೆ ಎಂದು ಕಂಡುಕೊಂಡರು. ಇಂದು ನಾವು ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ. ಲೋಕವೆಲ್ಲ ಓದಲಿ ಎಂದು ಓಯಿಶಿ ತಮ್ಮ ವರದಿಯನ್ನು ೧೯೨೬ರಲ್ಲಿ ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ತೀರಾ ಕಡಿಮೆ. ಭಾಷೆ ಗಡಿ ದಾಟದಿದ್ದರೆ ಅದರಲ್ಲಿರುವ ತಿಳಿವಳಿಕೆಯೂ ಗಡಿ ದಾಟುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಜಪಾನಿನ ಸೈನ್ಯಕ್ಕೆ ಈ ಗಾಳಿಯ ಸಂಗತಿ ಉಪಯೋಗಕ್ಕೆ ಬಂತು. ೧೯೪೨ರ ಏಪ್ರಿಲ್ ೧೮ರಂದು ಅಮೆರಿಕದ ೧೬ ವಿಮಾನಗಳು ಟೋಕಿಯೋ ಮತ್ತಿತರ ನಗರಗಳ ಮೇಲೆ ಬಾಂಬು ಹಾಕಿದ್ದವು. ಅದಕ್ಕೆ ಸೇಡು ತೀರಿಸಬೇಕು, ಅಷ್ಟು ದೂರ ಹೋಗಿಬರುವ ವಿಮಾನ ಇಲ್ಲ. ಹಾಗಾದರೆ ಗಾಳಿಯೇ ಒಯ್ಯಲಿ ಎಂದು ಹೊರಟದ್ದೇ ಫು-ಗೋ ಎಂಬ ಯೋಜನೆ. ಸುಮಾರು ೧೦ ಮೀಟರ್ ಅಗಲದ ಕಾಗದದ ಬಲೂನು, ಒಳಗೆ ಜಲಜನಕ, ಕೆಳಗೆ ತೂಗುವ ಬಾಂಬುಗಳು. ೧೯೪೪ರ ನವೆಂಬರ್ ೩ರಿಂದ ೧೯೪೫ರ ಏಪ್ರಿಲ್ ತನಕ ಇಂತಹ ಸುಮಾರು ೯,೩೦೦ ಬಲೂನುಗಳನ್ನು ಜಪಾನಿನ ಪೂರ್ವ ಕರಾವಳಿಯಿಂದ ಬಿಡಲಾಯಿತು.

ಮಾಡಿದವರು ಯಾರು? ಹೆಚ್ಚಿನವರು ಹೈಸ್ಕೂಲಿನ ಹೆಣ್ಣುಮಕ್ಕಳು! ಪಾಠ ನಿಲ್ಲಿಸಿ ಅವರನ್ನು ಈ ಕೆಲಸಕ್ಕೆ ಹಚ್ಚಿದ್ದರು. ಹಿಪ್ಪುನೇರಳೆಯ ಜಾತಿಯ ಗಿಡದ ನಾರಿನಿಂದಾದ ಕಾಗದದ ನೂರಾರು ತುಂಡುಗಳನ್ನು ಪದರದ ಮೇಲೆ ಪದರವಾಗಿ ಅಂಟಿಸಬೇಕು. ಅಂಟು ಯಾವುದೆಂದು ಕೇಳಿದರೆ ಆಶ್ಚರ್ಯಪಡುತ್ತೀರಿ. ಕೊನ್ಯಾಕು ಎಂಬ ಗೆಡ್ಡೆಯ ಗಂಜಿ. ನಮ್ಮ ತೋಟದ ಸುವರ್ಣಗೆಡ್ಡೆಯ ಹತ್ತಿರದ ನೆಂಟ ಅದು. ಯುದ್ಧಕಾಲದ ಹಸಿವು ಎಷ್ಟಿತ್ತೆಂದರೆ ಆ ಅಂಟನ್ನೇ ಕದ್ದು ತಿಂದವರಿದ್ದರು.

ಇನ್ನು ಕೊಂಡಿಯ ವಿಷಯ. ಈ ಬಲೂನು ಶಾಂತಸಾಗರವನ್ನು ದಾಟಲು ಎರಡು ಮೂರು ದಿನ ಬೇಕು. ಹಗಲಿನ ಬಿಸಿಲಿಗೆ ಜಲಜನಕ ಹಿಗ್ಗುತ್ತದೆ. ಬಲೂನು ಒಡೆಯದಂತೆ ಒಂದು ಕವಾಟ ಹೆಚ್ಚಿನ ಅನಿಲವನ್ನು ಹೊರಬಿಡುತ್ತದೆ. ರಾತ್ರಿಯ ಚಳಿಗೆ ಅನಿಲ ಕುಗ್ಗಿ ಬಲೂನು ಇಳಿಯತೊಡಗುತ್ತದೆ. ಹಾಗೇ ಬಿಟ್ಟರೆ ಸಮುದ್ರದ ಪಾಲು. ಅದಕ್ಕಾಗಿ ಅಲ್ಯೂಮಿನಿಯಂ ಚಕ್ರವೊಂದರ ಸುತ್ತ ಮೂವತ್ತಕ್ಕೂ ಹೆಚ್ಚು ಮರಳಿನ ಚೀಲಗಳನ್ನು ತೂಗುಹಾಕಿದ್ದರು. ಬಲೂನು ಗೊತ್ತುಮಾಡಿದ ಎತ್ತರಕ್ಕಿಂತ ಕೆಳಗೆ ಬಂದರೆ ವಾಯುಭಾರಮಾಪಕವು ವಿದ್ಯುತ್ ಮಂಡಲವನ್ನು ಕೂಡಿಸುತ್ತದೆ, ಚೀಲಗಳು ಕಳಚಿ ಬೀಳುತ್ತವೆ, ಹೊರೆ ಇಳಿದ ಬಲೂನು ಮತ್ತೆ ಮೇಲೇರುತ್ತದೆ. ಮರಳೆಲ್ಲ ಮುಗಿದಾಗ ಅಮೆರಿಕ ಬಂದಿರಬೇಕು ಎಂಬುದು ಲೆಕ್ಕ. ಆಮೇಲೆ ಕಳಚುವ ಸರದಿ ಬಾಂಬುಗಳದ್ದು.

ಯಂತ್ರವಾಗಿ ನೋಡಿದರೆ ತಲೆದೂಗಬೇಕು. ರೇಡಿಯೋ ಇಲ್ಲದೆ, ನಡೆಸುವವನಿಲ್ಲದೆ, ಖಂಡದಿಂದ ಖಂಡಕ್ಕೆ ತಾನಾಗಿ ಹೋಗುವ ವಾಹನ! ಅಮೆರಿಕದವರು ಸಿಕ್ಕಿದ ಚೀಲಗಳ ಮರಳನ್ನು ಭೂವಿಜ್ಞಾನಿಗಳಿಗೆ ಕೊಟ್ಟರು. ಮರಳಿನಲ್ಲಿದ್ದ ಖನಿಜಗಳನ್ನೂ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನೂ ನೋಡಿ ಅದು ಜಪಾನಿನ ಯಾವ ಕಡಲತೀರದ್ದಿರಬಹುದೆಂದು ಅವರು ಹೇಳಿದ್ದು ಇನ್ನೊಂದು ಸೋಜಿಗ. ಅಮೆರಿಕ ಸರಕಾರ ಬಲೂನಿನ ಸುದ್ದಿ ಪ್ರಕಟಿಸದಂತೆ ಪತ್ರಿಕೆಗಳನ್ನು ಕೇಳಿಕೊಂಡಿತು. ಬಿಟ್ಟದ್ದು ಮುಟ್ಟಿತೋ ಇಲ್ಲವೋ ಜಪಾನಿಗೆ ತಿಳಿಯಬಾರದು ಎಂಬುದು ಉದ್ದೇಶ. ಆದರೆ ಅದರಿಂದಾಗಿ ಅಲ್ಲಿನ ಹಳ್ಳಿಯ ಜನರಿಗೂ ಏನೂ ತಿಳಿಯಲಿಲ್ಲ.

೧೯೪೫ರ ಮೇ ೫, ಶನಿವಾರ. ಒರೆಗಾನ್ ರಾಜ್ಯದ ಬ್ಲೈ ಎಂಬ ಸಣ್ಣ ಊರಿನ ಪಾದ್ರಿ ಆರ್ಚಿ ಮಿಚೆಲ್, ಅವರ ಗರ್ಭಿಣಿ ಹೆಂಡತಿ ಎಲ್ಸಿ ಮತ್ತು ಸಂಡೇ ಸ್ಕೂಲಿನ ಐದು ಮಕ್ಕಳು ಕಾಡಿಗೆ ವನಭೋಜನಕ್ಕೆ ಹೋಗಿದ್ದರು. ಅಲ್ಲೊಂದು ಬಲೂನು ಬಾಂಬಿನ ಸಮೇತ ಬಂದು ಬಿದ್ದಿತ್ತು. ಮೇಲಿದ್ದಾಗ ಕೈಬಿಡಬೇಕಾಗಿದ್ದ ಕೊಂಡಿ ಬಿಟ್ಟಿರಲಿಲ್ಲ. ಆರ್ಚಿ ಕಾರಿನ ಬಳಿ ಇದ್ದರು. ಎಲ್ಸಿ ಮತ್ತು ಮಕ್ಕಳು ಇದೇನೆಂದು ನೋಡಲು ಹೋದರು. ಸ್ಫೋಟದಲ್ಲಿ ಆರೂ ಮಂದಿ ತೀರಿಕೊಂಡರು. ಮಕ್ಕಳ ವಯಸ್ಸು ೧೧ರಿಂದ ೧೪. ಅಷ್ಟು ಸಾವಿರ ಬಲೂನುಗಳಿಂದ ಅಮೆರಿಕದಲ್ಲಿ ಸತ್ತವರು ಇವರು ಮಾತ್ರ. ಒಂದು ತುದಿಯಲ್ಲಿ ಶಾಲೆಯ ಮಕ್ಕಳು ಅಂಟಿಸಿದ ಕಾಗದ, ಇನ್ನೊಂದು ತುದಿಯಲ್ಲಿಯೂ ಶಾಲೆಯ ಮಕ್ಕಳೇ.

ಇದೇ ವಿದ್ಯೆಯ ಇನ್ನೊಂದು ಮುಖವನ್ನೂ ಹೇಳಬೇಕು. ೧೯೪೮ರಲ್ಲಿ ಸೋವಿಯತ್ ರಷ್ಯಾ ಪಶ್ಚಿಮ ಬರ್ಲಿನ್ನಿನ ದಾರಿಗಳನ್ನೆಲ್ಲ ಮುಚ್ಚಿತು. ಅಲ್ಲಿಗೆ ವಿಮಾನದಲ್ಲಿ ಆಹಾರ ಒಯ್ಯುತ್ತಿದ್ದ ಅಮೆರಿಕದ ಪೈಲಟ್ ಗೇಲ್ ಹಾಲ್ವರ್ಸನ್ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತ ಮಕ್ಕಳನ್ನು ಮಾತನಾಡಿಸಿದರು. ನಾಳೆ ಮಿಠಾಯಿ ಹಾಕುತ್ತೇನೆ, ರೆಕ್ಕೆ ಅಲ್ಲಾಡಿಸಿದರೆ ನನ್ನ ವಿಮಾನ ಎಂದು ತಿಳಿಯಿರಿ ಎಂದರು. ಕರವಸ್ತ್ರಗಳೇ ಪ್ಯಾರಾಚೂಟು! ಆಮೇಲೆ ಅಮೆರಿಕದ ಚಿಕೋಪಿ ಎಂಬ ಊರಿನ ಶಾಲಾಮಕ್ಕಳು ಸಾವಿರಾರು ಪುಟ್ಟ ಪ್ಯಾರಾಚೂಟುಗಳನ್ನು ಕಟ್ಟಿಕೊಟ್ಟರು. ಇಲ್ಲಿಯೂ ಮಕ್ಕಳ ಕೈಯೇ ದುಡಿದದ್ದು. ಆದರೆ ಹಾಲ್ವರ್ಸನ್ ಕೆಳಗಿದ್ದವರ ಮುಖ ನೋಡಿದ ಮೇಲೆ ಕೈಬಿಟ್ಟವರು.

ಬಲೂನು ಅಂಟಿಸಿದ ಹುಡುಗಿಯರು ದೊಡ್ಡವರಾದರು, ಅಜ್ಜಿಯಂದಿರಾದರು. ತಾವು ಮಾಡಿದ್ದು ಎಲ್ಲಿ ಬಿತ್ತು, ಯಾರನ್ನು ಕೊಂದಿತು ಎಂದು ಅವರಲ್ಲಿ ಕೆಲವರಿಗೆ ತಿಳಿದದ್ದು ಯುದ್ಧ ಮುಗಿದು ಸುಮಾರು ನಲವತ್ತು ವರ್ಷಗಳ ಮೇಲೆ. ಅವರು ಸಾವಿರ ಕಾಗದದ ಕೊಕ್ಕರೆಗಳನ್ನು ಮಡಚಿ ೧೯೮೭ರಲ್ಲಿ ಬ್ಲೈ ಊರಿನವರಿಗೆ ಕಳಿಸಿದರು. ಹಿಂದೆ ಬಾಂಬು ಹೊರಲೆಂದು ಕಾಗದ ಅಂಟಿಸಿದ ಅದೇ ಕೈಗಳು!

ಹೋದ ಬಲೂನುಗಳ ಪೈಕಿ ಸಿಕ್ಕಿದ್ದು ಸುಮಾರು ೩೦೦ ಮಾತ್ರ. ೨೦೧೪ರಲ್ಲಿಯೂ ಕೆನಡಾದ ಲಂಬಿ ಎಂಬಲ್ಲಿ ಕಾಡಿನ ಕೆಲಸಗಾರರಿಗೆ ಇಂತಹದೊಂದು ಬಾಂಬು ಕಂಡಿತು, ಸೇನೆಯವರು ಬಂದು ಅದನ್ನು ಅಲ್ಲೇ ಸಿಡಿಸಿದರು. ಕೈಬಿಟ್ಟು ಎಪ್ಪತ್ತು ವರ್ಷ ಕಳೆದರೂ ಕೆಲಸ ಮುಗಿದಿರಲಿಲ್ಲ ನೋಡಿ.

ಆದ್ದರಿಂದ ಡ್ರೋನ್ ಕಟ್ಟುವ ಮಕ್ಕಳನ್ನು ಬೈದು ಕೂರಿಸಬೇಕು ಎಂದು ನಾವು ಹೇಳುತ್ತಿಲ್ಲ. ಕಟ್ಟಲಿ, ಕಲಿಯಲಿ. ಪಿನ್ನು, ಮೋಟಾರು, ಬ್ಯಾಟರಿಯ ಪಾಠದ ಜೊತೆಗೆ ಮೂರು ಪ್ರಶ್ನೆಗಳನ್ನೂ ಕಲಿಸೋಣ. ಕಟ್ಟಿದ್ದು ಏನು? ಕೆಳಗಿರುವವರು ಯಾರು? ಕೊಂಡಿ ಬಿಡದೆ ಹೋದರೆ ಅದು ಎಲ್ಲಿಗೆ ಹೋಗಿ ಬೀಳುತ್ತದೆ? ಕೊಂಡಿ ಈ ಪ್ರಶ್ನೆಗಳನ್ನು ಕೇಳುವುದಿಲ್ಲ. ಬ್ಲೈ ಊರಿನ ಮಕ್ಕಳ ವಯಸ್ಸಿನವರೇ ನಮ್ಮ ಎಂಟು, ಒಂಬತ್ತನೆಯ ತರಗತಿಯ ಬೆಂಚಿನಲ್ಲಿ ಕುಳಿತಿರುತ್ತಾರೆ. ಕೇಳಲು ಕಲಿಯುವುದಿದ್ದರೆ ಅವರೇ ಕಲಿಯಬೇಕು, ಕಲಿಸುವುದಿದ್ದರೆ ನಾವೇ ಕಲಿಸಬೇಕು.