ಕಾಣೆಯಾದ ಮೈಸೂರು ಕಾರು: ಒಂದು ಶೋಧನೆ

ಗಾಜನೂರಿನ ತುಂಗಾ ಅಣೆಕಟ್ಟೆಯನ್ನು ನೋಡಿಕೊಂಡು ವಿದ್ಯಾರ್ಥಿಗಳೊಡನೆ ಭದ್ರಾವತಿಯ ಕಡೆಗೆ ಹೊರಟಿದ್ದಾಗ ನಮಗೊಂದು ಪ್ರಶ್ನೆ ಎದುರಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನಲ್ಲಿ ಕಾರು ತಯಾರಿಸಲು ಯತ್ನಿಸಿದ್ದರಷ್ಟೆ. ಆ ಮೊದಲ ಮಾದರಿಯ ಕಾರು ಈಗ ಯಾವ ಷೆಡ್ಡಿನಲ್ಲಿದೆ? ಪ್ರಶ್ನೆ ಸರಳವಾದುದು, ಉತ್ತರ ಮಾತ್ರ ಸರಳವಲ್ಲ.

ಕಾರನ್ನು ಅರಸುವವರು ಮೊದಲು ಕಬ್ಬಿಣವನ್ನು ಅರಸುವುದು ಉಚಿತ. ಭದ್ರಾವತಿಯ ಕಾರ್ಖಾನೆಯ ಊದುಕುಲುಮೆಯು 1923ರ ಜನವರಿಯಲ್ಲಿ ಕೆಲಸಕ್ಕೆ ತೊಡಗಿತು. ಮಲೆನಾಡಿನ ಕಾಡುಗಳ ಇದ್ದಲು, ಕೆಮ್ಮಣ್ಣುಗುಂಡಿಯ ಅದಿರು ಇವೇ ಅದರ ಆಧಾರ. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. ಮೂಲಕೈಗಾರಿಕೆಯೊಂದನ್ನು ನಷ್ಟದ ದಿನಗಳಲ್ಲಿ ನಡೆಸಿದ ಅನುಭವವು ಮೋಟಾರು ಕೈಗಾರಿಕೆಯ ಯೋಜನೆಗೆ ಹಿನ್ನೆಲೆಯಾಯಿತೆಂದು ನಾವು ಭಾವಿಸುತ್ತೇವೆ.

1935ರಲ್ಲಿ ಅವರು ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯನ್ನು ಸಿದ್ಧಪಡಿಸಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಬೆಂಬಲ ತೋರಿತು. 1939ರಲ್ಲಿ ಅದು ರಾಜೀನಾಮೆಯಿತ್ತಿತು. ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸಂಸ್ಥಾನವು ಕಾರ್ಖಾನೆಗೆ ನೆರವಾಗಲು ಮುಂದೆ ಬಂದಿತು. ಆದರೆ ಬ್ರಿಟಿಷ್ ಭಾರತ ಸರ್ಕಾರವು ಇದನ್ನು ಯುದ್ಧಕ್ಕೆ ಅಗತ್ಯವಾದ ಉದ್ಯಮವೆಂದು ಮನ್ನಿಸಲಿಲ್ಲ. ಸಂಸ್ಥಾನವು ಹಿಂದೆ ಸರಿಯಬೇಕಾಯಿತು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಅದೇ 1940ರ ಡಿಸೆಂಬರಿನಲ್ಲಿ, ಅದೇ ವಾಲ್‌ಚಂದರ ಮುಂದಾಳುತನದಲ್ಲಿ, ಅದೇ ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಹೆಚ್ಚು ಜಟಿಲವಾದ ವಿಮಾನಕ್ಕೆ ಅವಕಾಶ ದೊರೆತು ಕಾರಿಗೆ ದೊರೆಯಲಿಲ್ಲ. ಆದುದರಿಂದ ಮೈಸೂರಿಗೆ ಶಕ್ತಿಯಿರಲಿಲ್ಲವೆಂಬ ವಾದ ನಿಲ್ಲದು. ಕೊರತೆಯಿದ್ದುದು ಸಾಮರ್ಥ್ಯದಲ್ಲಲ್ಲ, ಸ್ವಾತಂತ್ರ್ಯದಲ್ಲಿ. ವಾಲ್‌ಚಂದರ ಪ್ರೀಮಿಯರ್ ಮೋಟಾರು ಕಂಪನಿಯು ಮುಂದೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ಇನ್ನು ಮಾದರಿ ಕಾರಿನ ವಿಷಯ. ಜನರಲ್ ಮೋಟಾರ್ಸ್ ಸಂಸ್ಥೆಯು 1938ರಲ್ಲಿ ಮಾರಾಟಕ್ಕಲ್ಲದೆ ಹೊಸ ಕಲ್ಪನೆಗಳನ್ನು ತೋರಿಸಲೆಂದೇ ಬ್ಯೂಯಿಕ್ ವೈ-ಜಾಬ್ ಎಂಬ ಕಾರನ್ನು ನಿರ್ಮಿಸಿತು, ಅದು ಉಳಿದುಬಂದಿದೆ. ನಮ್ಮದು ಆ ಬಗೆಯ ಯತ್ನವಲ್ಲ. ಕ್ರೈಸ್ಲರ್ ಒಪ್ಪಂದದ ಹಾದಿಯಲ್ಲಿ ಇಲ್ಲಿ ಸಿದ್ಧವಾಗಬೇಕಾಗಿದ್ದುದು ಹೊಸ ಆಕಾರದ ಗಾಡಿಯಲ್ಲ, ಈಗಾಗಲೇ ರೂಪುಗೊಂಡಿದ್ದ ಗಾಡಿಯೇ. ಹೀಗಿರುವಾಗ, ಎದ್ದೇಳದ ಕಾರ್ಖಾನೆಯ ಮಾದರಿಯನ್ನು ಹಳೆಯ ಷೆಡ್ಡುಗಳಲ್ಲಿ ಹುಡುಕುವುದು ವ್ಯರ್ಥ.

ಇಷ್ಟರಿಂದ ಶೋಧನೆ ಮುಗಿಯಿತೆನ್ನಲಾಗದು. ಅದರ ದಿಕ್ಕು ಬದಲಾಗುತ್ತದೆ. ಅಭಿಮಾನದಿಂದ ಇಲ್ಲದ ಕಾರೊಂದನ್ನು ಕಲ್ಪಿಸಿಕೊಂಡರೆ, ಅದು ಏಕೆ ಇಲ್ಲವೆಂಬ ಮುಖ್ಯ ಪ್ರಶ್ನೆಯೇ ಮರೆಯಾಗುತ್ತದೆ. ನಮ್ಮ ವಿದ್ಯಾರ್ಥಿಗಳು ತುಕ್ಕು ಹಿಡಿದ ಗಾಡಿಯ ಬದಲು ಆ ಕಾಲದ ಸರ್ಕಾರಿ ಕಡತಗಳನ್ನೂ ಪತ್ರವ್ಯವಹಾರವನ್ನೂ ಹುಡುಕಲಿ. ಕಾಣೆಯಾದುದು ಒಂದು ವಾಹನವಲ್ಲ, ನಮ್ಮ ಕೈಗಾರಿಕೆಯ ಕೆಲವು ವರ್ಷಗಳು.