ಮೂರು ಪಿನ್ನು, ಒಂದು ಕೋವಿ

ಕಳೆದ ತಿಂಗಳು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಹೋಗಿದ್ದಾಗ, ಒಂದು ಮ್ಯೂಸಿಯಂನಲ್ಲಿ 18ನೇ ಶತಮಾನದ ಉದ್ದ ಕೋವಿ ನೋಡಿದೆ. ನಮ್ಮ ಮಲೆನಾಡಿನ ಕೇಪಿನ ಕೋವಿ ಥರಾನೇ ಇದಕ್ಕೂ ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಕೇಪಿನ ಜಾಗದಲ್ಲಿ ಚಕಮಕಿ ಕಲ್ಲು. ನಳಿಗೆಯೇ ಮೂರೂವರೆ ಅಡಿ. ಅದರ ತುದಿವರೆಗೂ ತೆಳ್ಳಗಿನ ಮೇಪಲ್ ಮರ. ಆದರೆ ಎರಡನ್ನೂ ಸುತ್ತಿ ಹಿಡಿಯೋ ಒಂದು ಬಳೆಯೂ ಇಲ್ಲ! ಮತ್ತೆ ನಳಿಗೆ ನಿಂತಿರೋದು ಹೇಗೆ? ತಲೆಯೊಳಗೆ ಹುಳ ಬಿಟ್ಟಂತಾಯ್ತು.

ಉತ್ತರ ಬಗ್ಗಿ ನೋಡಿದಾಗ ಸಿಕ್ಕಿತು. ಮರದ ಪಕ್ಕದಲ್ಲಿ ಸಾಸಿವೆ ಗಾತ್ರದ ಕಬ್ಬಿಣದ ಚುಕ್ಕೆಗಳು. ಅವು ಪಿನ್ನುಗಳ ತುದಿ.

ನಳಿಗೆಯ ಕೆಳಗಡೆ ಕಚ್ಚು ಕೊರೆದು ಚಿಕ್ಕ ಕಬ್ಬಿಣದ ಕಿವಿಗಳನ್ನು ಕೂರಿಸುತ್ತಾರೆ, ಸಾಮಾನ್ಯವಾಗಿ ಮೂರು. ನಳಿಗೆಯನ್ನು ಮರದ ಕಾಲುವೆಯಲ್ಲಿ ಮಲಗಿಸಿ, ಪಕ್ಕದಿಂದ ಮರ, ಕಿವಿ, ಮತ್ತೆ ಮರ ಎಲ್ಲವನ್ನೂ ಒಂದೇ ಸಲ ತೂತು ಹೊಡೆದು, ತಲೆಯಿಲ್ಲದ ತಂತಿಯಂಥ ಪಿನ್ ತಳ್ಳುತ್ತಾರೆ. ಹೇಳೋದು ಸುಲಭ. ನಳಿಗೆಯ ಕೆಳಗೇ ಗುಂಡು ದೂಡುವ ಗಜದ ತೂತೂ ಇರುತ್ತೆ. ಎರಡರ ನಡುವೆ ಉಳಿಯೋದು ಸುಮಾರು 3 ಮಿಲಿಮೀಟರ್ ಮರ. ಡ್ರಿಲ್ ಸ್ವಲ್ಪ ಕೆಳಗೆ ಜಾರಿದರೆ ಗಜ ಒಳಗೆ ಹೋಗಲ್ಲ, ಸ್ವಲ್ಪ ಮೇಲೆ ಹೋದರೆ ನಳಿಗೆಗೇ ಗಾಯ. ತಿಂಗಳುಗಟ್ಟಲೆ ಕೆತ್ತಿದ ಮರ ಅಲ್ಲಿಗೆ ಹಾಳು.

ಗುಂಡು ಹಾರುವಾಗಿನ ಒದೆತಕ್ಕೆ ಈ ತಂತಿ ತುಂಡಾಗಲ್ವಾ ಅಂತ ನಾನೂ ಯೋಚಿಸಿದೆ. ಇಲ್ಲ, ಆ ಒದೆತವನ್ನು ತಡೆಯೋದು ನಳಿಗೆಯ ಬುಡ ಮತ್ತು ಅದರ ಹಿಂದಿನ ಮರ. ಬುಡಕ್ಕೊಂದು ಗಟ್ಟಿ ಸ್ಕ್ರೂ ಇರುತ್ತೆ. ಪಿನ್ನಿನ ಕೆಲಸ ನಳಿಗೆ ಮೇಲೇಳದಂತೆ ನೋಡಿಕೊಳ್ಳೋದು ಮಾತ್ರ. ಮರ ಮಳೆಗಾಲದಲ್ಲಿ ಉಬ್ಬುತ್ತೆ, ಚಳಿಗಾಲದಲ್ಲಿ ಕುಗ್ಗುತ್ತೆ. ಕಬ್ಬಿಣಕ್ಕೆ ಆ ಚಿಂತೆಯಿಲ್ಲ. ಅದಕ್ಕೇ ಇವತ್ತು ಇಂಥ ಕೋವಿ ಕಟ್ಟುವವರು ಕಿವಿಯ ತೂತನ್ನು ಉದ್ದುದ್ದಕ್ಕೆ ಸ್ವಲ್ಪ ಅರೆದು ಹಿಗ್ಗಿಸುತ್ತಾರೆ. ಮೇಲೆ ಕೆಳಗೆ ಬಿಗಿ, ಹಿಂದೆ ಮುಂದೆ ಸಡಿಲ. ಬುಡದಲ್ಲಿ ಗಟ್ಟಿಯಾಗಿ ಹಿಡಿ, ಉಳಿದಲ್ಲಿ ಉಸಿರಾಡೋಕೆ ಬಿಡು!

ಇಷ್ಟು ಚೆನ್ನಾಗಿದ್ದ ಪದ್ಧತಿಯನ್ನು ಸೈನ್ಯಗಳು ಯಾಕೆ ಬಿಟ್ಟವು? ಫ್ರಾನ್ಸಿನ 1717ರ ಮಸ್ಕೆಟ್ಟಿನಲ್ಲಿ ಪಿನ್ನುಗಳಿದ್ದವು, 1728ರ ಮಾದರಿಗೆ ಅವುಗಳ ಬದಲು ಮೂರು ಲೋಹದ ಬಳೆ ಬಂದವು. ಬ್ರಿಟಿಷರ ಬ್ರೌನ್ ಬೆಸ್ ಪಿನ್ನನ್ನೇ ನೆಚ್ಚಿಕೊಂಡಿತು. ಅಮೆರಿಕಾ ತನ್ನ 1795ರ ಸ್ಪ್ರಿಂಗ್‌ಫೀಲ್ಡ್ ಮಸ್ಕೆಟ್ಟಿಗೆ ಫ್ರೆಂಚರ ಬಳೆಯನ್ನೇ ಆರಿಸಿಕೊಂಡಿತು. ಮೊದಲು ನನಗೆ ಇದು ಒರಟು ಕೆಲಸ ಅನ್ನಿಸಿತ್ತು. ಆಮೇಲೆ ಹೊಳೀತು: ಮಳೆಯಲ್ಲಿ ನೆನೆದ ಸಿಪಾಯಿ ಕತ್ತಲಲ್ಲಿ ಪಿನ್ ಹುಡುಕುತ್ತಾ ಕೂರೋಕಾಗುತ್ತಾ? ಬಳೆ ಜಾರಿಸಿದರೆ ಆಯ್ತು, ಮರಕ್ಕೂ ರಕ್ಷಣೆ. ಪ್ರತಿ ಸಲ ಪಿನ್ ಬಡಿದು ತೆಗೆದರೆ ತೂತಿನ ಅಂಚು ಚಕ್ಕೆಯೇಳುತ್ತೆ.

ಲ್ಯಾಂಕಾಸ್ಟರಿನ ಬೇಟೆಗಾರನ ಲೆಕ್ಕ ಬೇರೆ. ನಳಿಗೆ ಬಿಚ್ಚುವ ಪ್ರಮೇಯವೇ ಅವನಿಗೆ ಅಪರೂಪ. ಕೆಟ್ಟರೆ ಕೋವಿ ಮಾಡಿದವನ ಹತ್ತಿರವೇ ಹೋಗಬಹುದು. ಜರ್ಮನ್ ಮಾತಾಡೋ ಊರುಗಳಿಂದ ವಲಸೆ ಬಂದ ಕಸುಬುದಾರರು, ತಮ್ಮ ಗಿಡ್ಡ ಯೇಗರ್ ಕೋವಿಯನ್ನೇ ಇಲ್ಲಿನ ಕಾಡಿಗೆ ತಕ್ಕಂತೆ ಉದ್ದ ಮಾಡಿಕೊಂಡವರು. ಜೇಕಬ್ ಡಿಕರ್ಟ್ ಅಂಥವರಲ್ಲೊಬ್ಬ. ಮರ, ಕಬ್ಬಿಣ ಸೇರಿಸಿ ತೂತು ಹೊಡೆದ ಮೇಲೆ ಆ ಜೋಡಿ ಜೀವಮಾನದ್ದು. ಒಂದರ ನಳಿಗೆ ಇನ್ನೊಂದರ ಮರಕ್ಕೆ ಕೂರಲ್ಲ. ಕಾರ್ಖಾನೆಗೆ ಬೇಕಾಗಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಹಾಗೆ ಕಸುಬು ಮೂಲೆಗೆ ಬಿತ್ತು. 1960ರ ದಶಕದಲ್ಲಿ ವಿಲಿಯಮ್ಸ್‌ಬರ್ಗಿನ ವಾಲೇಸ್ ಗಸ್ಲರ್ ಹಳೇ ವಿಧಾನದಲ್ಲೇ ಇಡೀ ರೈಫಲ್ ಮಾಡಿ ತೋರಿಸಿದರು. 1969ರಲ್ಲಿ ಅದರ ಸಿನಿಮಾನೂ ಬಂತು. ಕಬ್ಬಿಣದ ಪಟ್ಟಿ ಬಡಿದು ನಳಿಗೆ ಮಾಡೋದರಿಂದ ಹಿಡಿದು ಎಲ್ಲಾ ಕೈಕೆಲಸ.

ಒಂದು ಕಾಲಕ್ಕೆ ಈ ಊರಿನ ಎಷ್ಟೋ ಹುಡುಗರಿಗೆ ಗೊತ್ತಿದ್ದ ವಿದ್ಯೆಯನ್ನು ಮತ್ತೆ ಹಳೇ ಕೋವಿಗಳನ್ನೇ ಕೇಳಿ ಕಲೀಬೇಕಾಯ್ತು. ಗಾಜಿನ ಹಿಂದಿನ ಆ ಮೂರು ಚುಕ್ಕೆಗಳು ಹಾಗೇ ಉಳಿದಿದ್ದಕ್ಕೆ ಅದು ಸಾಧ್ಯವಾಯ್ತು.