ಪವರ್ಸನ ಲೇಖನಿ

ಯಾವ ಸಂಸ್ಥೆಯ ಸಂಬಳಕ್ಕೂ ಕೊರಳೊಡ್ಡದೆ, ತನ್ನ ಲೇಖನಿಯೊಂದನ್ನೇ ನೆಚ್ಚಿ, ವರ್ತಕರಿಗೆ ಜಾಹೀರಾತಿನ ಮಾತುಗಳನ್ನು ಬರೆದುಕೊಟ್ಟು ಜೀವಿಸುವ ವೃತ್ತಿಗೆ ಅಮೆರಿಕದಲ್ಲಿ ಗೌರವವನ್ನು ತಂದವರಲ್ಲಿ ಜಾನ್ ಎಮೊರಿ ಪವರ್ಸನು ಅಗ್ರಗಣ್ಯನು. 1837ರಲ್ಲಿ ಜನಿಸಿದ ಈತನು 1880ರಲ್ಲಿ ಫಿಲಡೆಲ್ಫಿಯದ ಜಾನ್ ವಾನಮೇಕರನ ವಿಶಾಲ ಮಳಿಗೆಯನ್ನು ಸೇರಿ, ಸರ್ವರೋಗನಿವಾರಕ ಔಷಧಗಳ ಅತಿಶಯೋಕ್ತಿಯು ವೃತ್ತಪತ್ರಿಕೆಗಳನ್ನು ತುಂಬಿದ್ದ ಆ ಕಾಲದಲ್ಲಿ, ನೆರೆಮನೆಯವನೊಡನೆ ಆಡುವಂಥ ಸರಳ ವಾಕ್ಯಗಳಲ್ಲಿ ಸರಕಿನ ಗುಣದೋಷಗಳೆರಡನ್ನೂ ಹೇಳಲಾರಂಭಿಸಿದನು.

ಒಮ್ಮೆ ಮಳೆಯಂಗಿಗಳ ವಿಭಾಗದವನು, ಮಾರಾಟವಾಗದೆ ಉಳಿದ ಸರಕು ಹಾಳಾಗಿದೆಯೆಂದು ಗುಟ್ಟಾಗಿ ತಿಳಿಸಲು, ಪವರ್ಸನು ಅದನ್ನೇ, ಏನನ್ನೂ ಮುಚ್ಚದೆ, ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನಂತೆ. ಮಧ್ಯಾಹ್ನದೊಳಗಾಗಿ ಒಂದು ಅಂಗಿಯೂ ಉಳಿಯಲಿಲ್ಲವೆಂದು ಆ ವೃತ್ತಿಯವರು ಇಂದಿಗೂ ಹೇಳುತ್ತಾರೆ. ಇಂಥ ನಿಷ್ಠುರ ಸತ್ಯವು ಧನಿಗೆ ಸದಾ ಹಿತವಾಗುವುದುಂಟೆ? 1886ರಲ್ಲಿ ವಾನಮೇಕರನಿಂದ ಅಗಲಿದ ಮೇಲೆ ಆತನು ಸ್ವತಂತ್ರನಾಗಿ, ಕರೆದ ವರ್ತಕರಿಗೆ ಬರೆಯುತ್ತ, ದಿನವೊಂದಕ್ಕೆ 100 ಡಾಲರುಗಳ ಸಂಭಾವನೆಯನ್ನು ಪಡೆಯುವಷ್ಟು ಪ್ರಸಿದ್ಧನಾದನು. ಆಗಲೂ, ವ್ಯಾಪಾರದಲ್ಲಿ ಹೇಳಿಕೊಳ್ಳಲಾಗದಂಥ ಸತ್ಯವೇನಾದರೂ ಇದ್ದಲ್ಲಿ, ಅದು ಹೇಳಿಕೊಳ್ಳುವಂತಾಗುವವರೆಗೆ ಮೊದಲು ವ್ಯಾಪಾರವನ್ನೇ ತಿದ್ದಿಕೊಳ್ಳಬೇಕೆಂಬುದೇ ಆತನ ಆಗ್ರಹವಾಗಿತ್ತು. ಬರೆಯುವ ಕೈ ಸ್ವತಂತ್ರವಾಗಿದ್ದುದರಿಂದಲೇ ಈ ಆಗ್ರಹಕ್ಕೆ ಬೆಲೆ ಬಂದಿತೆಂದು ನಾನು ದೃಢವಾಗಿ ನಂಬುತ್ತೇನೆ. ಆತನು 1919ರಲ್ಲಿ ತೀರಿಕೊಂಡನು.